ಸುಂದ್ರಮ್ಮನ ಆರು ಪ್ರಶ್ನೆ ಚಿಹ್ನೆ

ನನ್ನ ಮೇಜಿನ ಎಡಗಡೆಯ ಡ್ರಾಯರಿನಲ್ಲಿ ಒಂದು ಪೆನ್‌ಡ್ರೈವ್ ಇದೆ. ಕಪ್ಪು ಬಣ್ಣದ್ದು, ಹೆಬ್ಬೆರಳಿನಷ್ಟು ಉದ್ದ. ಅದರ ಬಾಲದ ತೂತಿಗೆ ಅರಿಶಿನ ಹಚ್ಚಿದ ನೂಲನ್ನು ಮೂರು ಸುತ್ತು ಸುತ್ತಿ ಗಂಟು ಹಾಕಿದೆ. ಬೆನ್ನಿನ ಮೇಲೆ ಕುಂಕುಮವಿದ್ದ ಗುರುತು. ನನ್ನ ಹೆಂಡತಿ ಡ್ರಾಯರ್ ಒರೆಸುವಾಗಲೆಲ್ಲ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, “ಇದು ದೇವರ ಗೂಡಿಗೋ ಕಸದ ಬುಟ್ಟಿಗೋ, ಒಂದು ಹೇಳ್ಬುಡಿ” ಎನ್ನುತ್ತಾಳೆ. ಎರಡಕ್ಕೂ ಬೇಡ ಎಂದು ನಾನು ಅದನ್ನು ಮತ್ತೆ ಒಳಗಿಡುತ್ತೇನೆ. ಕಾರಣವನ್ನು ಅವಳಿಗೆ ಪೂರ್ತಿ ಹೇಳಿಲ್ಲ. ಹೇಳಲು ಹೊರಟರೆ ಮೊದಲು ನನ್ನ ದಡ್ಡತನ ಬರುತ್ತದೆ, ಇನ್ನೊಬ್ಬರ ದೊಡ್ಡತನ ಆಮೇಲೆ ಬರುತ್ತದೆ; ಅಷ್ಟು ಹೊತ್ತಿಗೆ ಅವಳು ಅಡುಗೆಮನೆಗೆ ಹೋಗಿಬಿಟ್ಟಿರುತ್ತಾಳೆ. ನೀವಾದರೆ ಕೂತಿದ್ದೀರಿ.

ನಾನು ಚಾಮರಾಜನಗರದ ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿನಲ್ಲಿ ಸಹಾಯಕನಾಗಿದ್ದು ನಿವೃತ್ತನಾದವನು. ಪಾಠ ಹೇಳುವ ಮೇಷ್ಟ್ರಲ್ಲ. ಇಲಿ ಕಡಿದ ವೈರು ಬದಲಾಯಿಸುವವನು, ಪ್ರಿಂಟರಿನ ಹೊಟ್ಟೆಯಲ್ಲಿ ಸಿಕ್ಕಿಕೊಂಡ ಹಾಳೆ ಎಳೆಯುವವನು. ಬಿಡುವಿದ್ದಾಗ ಪುಸ್ತಕ ನೋಡಿಕೊಂಡು ಡೇಟಾಬೇಸ್ ಪ್ರೋಗ್ರಾಂ ಬರೆಯಲು ಕಲಿತೆ. ಹೆಸರು ದೊಡ್ಡದು, ಕೆಲಸ ಸಣ್ಣದು: ಒಂದು ರಿಜಿಸ್ಟರ್ ಪುಸ್ತಕವನ್ನು ಕಂಪ್ಯೂಟರಿನೊಳಗೆ ಕೂರಿಸುವುದು. ಒಂದು ಗ್ರಂಥಾಲಯಕ್ಕೆ ಬರೆದುಕೊಟ್ಟೆ, ಒಂದು ಹಾಸ್ಟೆಲಿಗೆ ಬರೆದುಕೊಟ್ಟೆ. ಜನ ನನ್ನನ್ನು “ಸಾಫ್ಟ್‌ವೇರ್ ಸಾರ್” ಎಂದು ಕರೆಯಲು ಶುರುಮಾಡಿದರು. ಬೇಡ ಎಂದು ಬಾಯಲ್ಲಿ ಹೇಳುತ್ತಿದ್ದೆ.

ಹೀಗಿರುವಾಗ ನಮ್ಮ ಜಿಲ್ಲೆಯಲ್ಲಿ ಎರಡು ಸಣ್ಣ ಆಸ್ಪತ್ರೆ ನಡೆಸುವ ಟ್ರಸ್ಟಿನವರು ನನ್ನನ್ನು ಕರೆಸಿದರು. ಒಂದು ಆಸ್ಪತ್ರೆ ಚಾಮರಾಜನಗರದಲ್ಲಿ, ಇನ್ನೊಂದು ಗುಂಡ್ಲುಪೇಟೆಯಲ್ಲಿ. ನಾಯಿ ಕಚ್ಚಿದವರಿಗೆ ಅಲ್ಲಿ ಸೂಜಿ ಹಾಕುತ್ತಾರೆ. ಆ ಸೂಜಿ ಒಂದೇ ದಿನಕ್ಕೆ ಮುಗಿಯುವುದಿಲ್ಲ. ಮೊದಲನೆಯದು ಹಾಕಿಸಿಕೊಂಡ ದಿನದಿಂದ ಲೆಕ್ಕ ಹಿಡಿದು ಮೂರು ದಿನಕ್ಕೆ, ಏಳು ದಿನಕ್ಕೆ, ಹದಿನಾಲ್ಕಕ್ಕೆ, ಇಪ್ಪತ್ತೆಂಟಕ್ಕೆ ಮತ್ತೆ ಬರಬೇಕು. ಗಾಯ ಒಂದು ವಾರದಲ್ಲಿ ಮಾಗುತ್ತದೆ, ಜನ ಬರುವುದನ್ನು ನಿಲ್ಲಿಸುತ್ತಾರೆ. ಆದರೆ ಹುಚ್ಚುನಾಯಿಯ ಆ ಕಾಯಿಲೆ ಒಂದು ಸಲ ಕಾಣಿಸಿಕೊಂಡಿತೆಂದರೆ ಮನುಷ್ಯನನ್ನು ಹಿಂದಕ್ಕೆ ಕರೆತರುವ ಔಷಧ ಇಲ್ಲ. ಆದ್ದರಿಂದ ಇವತ್ತು ಯಾರ್ಯಾರು ಸೂಜಿಗೆ ಬರಬೇಕು ಎಂದು ಬೆಳಗ್ಗೆ ಪಟ್ಟಿ ತೋರಿಸುವ ಪ್ರೋಗ್ರಾಂ ಬೇಕು. ಪಟ್ಟಿ ನೋಡಿ ಫೋನ್ ಮಾಡಿ ಕರೆಯುತ್ತೇವೆ, ಎಂದರು. ಬರೆದೆ. ಕನ್ನಡದಲ್ಲೇ ಬರೆದೆ. ಚಾಮರಾಜನಗರದ ಆಸ್ಪತ್ರೆಯಲ್ಲಿ ನನ್ನ ಕೈಯಿಂದಲೇ ಹಾಕಿದೆ. ಮೊದಲ ಸಲಕ್ಕೇ ಓಡಿತು. ಅವರು ಮೈಸೂರುಪಾಕು ಕೊಟ್ಟರು, ತಿಂದೆ.

ಇನ್ನು ಗುಂಡ್ಲುಪೇಟೆಯದು. ಅಲ್ಲಿಗೆ ನಾನೇ ಹೋಗಬೇಕೆಂದು ಅನಿಸಲಿಲ್ಲ. ಪ್ರೋಗ್ರಾಂ ಮತ್ತು ಅದಕ್ಕೆ ಬೇಕಾದ ಫೈಲುಗಳನ್ನೆಲ್ಲ ಒಂದೇ ಮೂಟೆ ಕಟ್ಟಿ ಇಟ್ಟರೆ ಅದಕ್ಕೆ ಸೆಟಪ್ ಎನ್ನುತ್ತಾರೆ. ಒತ್ತಿದರೆ ಮೂಟೆ ತಾನೇ ಬಿಚ್ಚಿಕೊಂಡು, ಪಾತ್ರೆ ಅಡುಗೆಮನೆಗೆ, ಹಾಸಿಗೆ ಕೋಣೆಗೆ ಎಂಬಂತೆ ಒಂದೊಂದನ್ನೂ ಅದರದರ ಜಾಗದಲ್ಲಿ ಇಡುತ್ತದೆ. ಅದನ್ನು ಪೆನ್‌ಡ್ರೈವಿಗೆ ತುಂಬಿ, ಕವರಿನಲ್ಲಿ ಹಾಕಿ, ಬಸ್ಸಿನ ಕಂಡಕ್ಟರ ಕೈಗೆ ಕೊಟ್ಟೆ. ಗುಂಡ್ಲುಪೇಟೆಯ ಸ್ಟ್ಯಾಂಡಿನಲ್ಲಿ ಅದನ್ನು ಇಳಿಸಿಕೊಂಡವರು ಸುಂದ್ರಮ್ಮ.

ಸುಂದ್ರಮ್ಮ ಆ ಆಸ್ಪತ್ರೆಯಲ್ಲಿ ರಿಜಿಸ್ಟರ್ ಬರೆಯುವವರು. ಐವತ್ತರ ಆಸುಪಾಸು, ಕುದೇರಿನ ಕಡೆಯ ಹೆಣ್ಣುಮಗಳು, ಓದಿದ್ದು ಎಸ್ಸೆಸ್ಸೆಲ್ಸಿ. ಆಗ ಅವರ ಮುಖ ನಾನು ನೋಡಿರಲಿಲ್ಲ. ದನಿ ಮಾತ್ರ ಗೊತ್ತಿತ್ತು.

“ಬಂತು ಸಾ. ಶುಕ್ರವಾರ ನೋಡಿ, ಪೂಜೆ ಮಾಡಿ ದಾರ ಕಟ್ಟಿವ್ನಿ. ಆದ್ರೆ ಒತ್ತಿದ್ರೆ ಓಡ್ತಿಲ್ಲ.”

“ಪೂಜೆ ಮಾಡಿದ್ರಾ? ಕುಂಕುಮ ಅದರ ಬಾಯೊಳಗೆ ಹೋಗಿರುತ್ತೆ ಸುಂದ್ರಮ್ಮ!”

“ಬಾಯ್ಗೆ ಇಟ್ಟಿಲ್ಲ ಸಾ, ಬೆನ್ಗೆ ಇಟ್ಟಿವ್ನಿ. ತಿನ್ನೋ ಬಾಯ್ಗೆ ಯಾರಾರ ಕುಂಕ್ಮ ಮೆತ್ತಾರಾ?”

“ಸರಿ, ಏನು ಬರ್ದಿದೆ, ಓದಿ.”

“ಇಂಗ್ಲೀಸಲ್ಲಿ ಅದೆ. ಡಿ, ಎರಡು ಚುಕ್ಕೆ, ಒಂದು ಓರೆ ಗೀಟು, ಮ್ಯಾರೇಜ್ ಫೋಟೋಸ್. ಅದು ಸಿಕ್ತಿಲ್ಲ ಅಂತದೆ ಸಾ. ಯಾರ್ ಮದ್ವೇದು?”

ನನ್ನ ಮಗಳ ಮದುವೆಯದು. ಜಾಗ ಸಾಲದೆ ನಾನು ಆ ಫೋಟೋಗಳಿದ್ದ ಫೋಲ್ಡರಿನಲ್ಲೇ ಕೂತು ಪ್ರೋಗ್ರಾಂ ಬರೆದಿದ್ದೆ. ಗುಂಡ್ಲುಪೇಟೆಗೆ ಹೋದ ಮೇಲೂ ಅದು ನನ್ನ ಮನೆಯ ವಿಳಾಸವನ್ನೇ ಕೇಳುತ್ತಿತ್ತು. ಸರಿಪಡಿಸಿದೆ. ಪೆನ್‌ಡ್ರೈವ್ ವಾಪಸು ಬಂದು ಮತ್ತೆ ಬಸ್ಸು ಹತ್ತಿತು. ಎರಡನೆಯ ಸಲ ಬೇರೊಂದು ಸಣ್ಣ ಫೈಲು ಇಲ್ಲವೆಂದಿತು. ಅದು ನನ್ನ ಕಂಪ್ಯೂಟರಿನಲ್ಲಿ ಎಷ್ಟೋ ವರ್ಷದಿಂದ ಇತ್ತು. ಎಷ್ಟು ವರ್ಷದಿಂದ ಎಂದರೆ, ಎಲ್ಲರ ಮನೆಯಲ್ಲೂ ಇರುತ್ತದೆ ಎಂದುಕೊಂಡಿದ್ದೆ. ಅದನ್ನೂ ಮೂಟೆಗೆ ಸೇರಿಸಿದೆ. “ನನ್ನ ಹತ್ತಿರ ಚೆನ್ನಾಗಿ ಓಡ್ತಿದೆಯಲ್ಲ ಸುಂದ್ರಮ್ಮ” ಎಂದು ಎರಡೂ ಸಲ ಹೇಳಿದೆ.

ಈ ಮಾತಿಗೆ ಬಂದಾಗಲೆಲ್ಲ ನನಗೆ ನಮ್ಮ ಅವ್ವನ ಹೆಪ್ಪು ನೆನಪಾಗುತ್ತದೆ. ನಾನು ಹುಟ್ಟಿ ಬೆಳೆದದ್ದು ಹರವೆಯಲ್ಲಿ. ನಮ್ಮ ಮನೆಗೂ ಪಕ್ಕದ ಸಿದ್ದವ್ವನ ಮನೆಗೂ ಒಂದೇ ಗೋಡೆ. ಅವ್ವನ ಮೊಸರು ಚಾಕುವಿನಲ್ಲಿ ಕೊಯ್ಯುವ ಹಾಗೆ ಕೂರುತ್ತಿತ್ತು. ಸಿದ್ದವ್ವ ದಿನಾ ಸಂಜೆ ಬಟ್ಟಲು ಹಿಡಿದು ಬಂದು ಹೆಪ್ಪು ಒಯ್ಯುತ್ತಿದ್ದಳು. ದಿನಾ ಬೆಳಗ್ಗೆ ಬಂದು, “ಒಡೆದು ನೀರಾಗೋಯ್ತು ಕಣಕ್ಕ, ನಿನ್ ಹೆಪ್ಪೇ ಸರಿಯಿಲ್ಲ” ಎಂದು ಜಗಳ ತೆಗೆಯುತ್ತಿದ್ದಳು. ಅವ್ವ ನಾಲ್ಕು ದಿನ ಸಹಿಸಿ ಐದನೆಯ ದಿನ ಸೆರಗು ಸಿಕ್ಕಿಸಿಕೊಂಡು ಸಿದ್ದವ್ವನ ಅಡುಗೆಮನೆಗೆ ಹೋಗಿ ಕೂತಳು. ನಾನೂ ಹಿಂದೆ ಹೋಗಿದ್ದೆ. ಹಾಲು ಮುಟ್ಟಿ ನೋಡಿದಳು, ಗಡಿಗೆ ಮೂಸಿದಳು, ಕೊನೆಗೆ ಗಡಿಗೆ ಇಡುವ ಗೋಡೆಯ ಗೂಡಿನೊಳಗೆ ಕೈ ಹಾಕಿದಳು. ಹಾಕಿದ ಕೈಯನ್ನು ತಟ್ಟನೆ ಹಿಂದಕ್ಕೆ ತೆಗೆದಳು. ಗೂಡು ಸುಡುತ್ತಿತ್ತು. ಆ ಗೋಡೆಯ ಆಚೆ ಬದಿಗೆ ಇದ್ದದ್ದು ನಮ್ಮದೇ ಒಲೆ.

ಅವ್ವ ಗಡಿಗೆಯನ್ನು ಕೆಳಗಿಳಿಸಿ ಮೂಲೆಯಲ್ಲಿಟ್ಟು ಬಂದಳು. ಇದನ್ನು ಕಣ್ಣಾರೆ ಕಂಡ ನಾನು, ಮುಂದೆ ಇಷ್ಟು ವರ್ಷವಾದ ಮೇಲೆ, ಚಾಮರಾಜನಗರದಲ್ಲಿ ಫ್ಯಾನಿನ ಕೆಳಗೆ ಕೂತುಕೊಂಡು “ನನ್ನ ಹತ್ತಿರ ಓಡ್ತಿದೆಯಲ್ಲ” ಎಂದು ಫೋನಿನಲ್ಲಿ ಹೇಳುತ್ತಿದ್ದೆ.

ಮೂರನೆಯ ಸಲ ಸುಂದ್ರಮ್ಮ ನನ್ನ ಮೊಬೈಲಿಗೆ ಒಂದು ಫೋಟೋ ಕಳಿಸಿದರು. ಪರದೆಯ ಫೋಟೋ ಅಲ್ಲ, ನೋಟ್‌ಬುಕ್ಕಿನ ಒಂದು ಪುಟದ್ದು. ಪರದೆಯ ಮೇಲೆ ಬಂದ ದೋಷದ ಚೌಕವನ್ನು ಅವರು ಸ್ಕೇಲಿಟ್ಟು ಗೀಟು ಎಳೆದು ಬರೆದಿದ್ದರು. ಕೆಂಪು ಪೆನ್ನಿನಲ್ಲಿ ವೃತ್ತ, ಅದರೊಳಗೆ ಗುಣಾಕಾರದ ಚಿಹ್ನೆ. ಒಂದೊಂದು ಇಂಗ್ಲಿಷ್ ಅಕ್ಷರವನ್ನೂ ರಂಗೋಲಿಯ ಚುಕ್ಕಿ ಇಟ್ಟ ಹಾಗೆ ಬಿಡಿಬಿಡಿಯಾಗಿ ಬರೆದಿದ್ದರು. ಕೆಳಗೆ ಮೂರು ಗುಂಡಿಗಳಿಗೆ ಮೂರು ಪುಟ್ಟ ಚೌಕ.

“ಪರದೇನೇ ಫೋಟೋ ತೆಗೀಬಹುದಿತ್ತಲ್ಲ?”

“ತೆಗುದ್ರೆ ಅಲೆಅಲೆ ಬತ್ತದೆ ಸಾ, ಓದಕ್ಕಾಗಲ್ಲ. ಅದ್ಕೆ ಬರ್ಕಂಡು, ಬರ್ದುದ್ದ ತೆಗ್ದೆ.”

ಆ ಬರಹದ ನಡುವೆ ಒಂದು ಜಾಗದಲ್ಲಿ ಆರು ಪ್ರಶ್ನೆ ಚಿಹ್ನೆಗಳು ಸಾಲಾಗಿ ಇದ್ದವು. ಅವನ್ನು ನೋಡಿ ನಾನು ಏನು ಯೋಚಿಸಿದೆ ಎಂಬುದನ್ನು ಇದ್ದಂತೆಯೇ ಹೇಳಬೇಕು. ಪಾಪ, ಆ ಆರು ಅಕ್ಷರ ಈ ಹೆಂಗಸಿಗೆ ಓದಲು ಬಂದಿಲ್ಲ, ಅನುಮಾನಕ್ಕೆ ಪ್ರಶ್ನೆ ಚಿಹ್ನೆ ಹಾಕಿದ್ದಾಳೆ ಎಂದುಕೊಂಡೆ. ಕೇಳಲೂ ಇಲ್ಲ. ಕೇಳಿದರೆ ಅವರಿಗೆ ನಾಚಿಕೆಯಾದೀತು ಎಂದು ದೊಡ್ಡ ಮನುಷ್ಯನ ಹಾಗೆ ಸುಮ್ಮನಾದೆ. ಮೂರು ಗುಂಡಿಗಳಲ್ಲಿ ಕೊನೆಯದರ ಮೇಲೆ ‘ಇಗ್ನೋರ್’ ಎಂದಿತ್ತು. ಅಂದರೆ, ಲೆಕ್ಕಿಸಬೇಡ, ಮುಂದೆ ಹೋಗು.

“ಅದನ್ನ ಒತ್ತಿ ಸುಂದ್ರಮ್ಮ.”

ಒತ್ತಿದರು. ಯಶಸ್ವಿಯಾಗಿ ಮುಗಿಯಿತು ಎಂಬ ಮಾತು ಪರದೆಯ ಮೇಲೆ ಬಂತು. ಪ್ರೋಗ್ರಾಂ ತೆರೆದುಕೊಂಡಿತು. ಅದು ಶುಕ್ರವಾರ.

ಮಂಗಳವಾರ ಬೆಳಗ್ಗೆ ಮತ್ತೆ ಫೋನು ಬಂತು. “ಸಾ, ‘ಇಂದು ಯಾರೂ ಇಲ್ಲ’ ಅಂತದೆ. ಆದ್ರೆ ನನ್ ಪುಸ್ತಕದಲ್ಲಿ ಒಬ್ಬಳು ಅವ್ಳೆ. ಶನಿವಾರ ಮೊದಲ್ನೇದು ಹಾಕುಸ್ಕಂಡವಳೆ, ಇವತ್ತಿಗೆ ಮೂರು ದಿನ.”

“ತಾರೀಕು ತಿರುಗುಮುರುಗು ಹಾಕಿರ್ತೀರಿ. ತಿಂಗಳಿನ ಜಾಗದಲ್ಲಿ ದಿನ, ದಿನದ ಜಾಗದಲ್ಲಿ ತಿಂಗಳು.”

“ಸರಿಯಾಗೇ ಹಾಕಿವ್ನಿ ಸಾ.”

“ಶನಿವಾರ ನಾನೇ ಬಂದು ಹೇಳಿಕೊಡ್ತೀನಿ ಬಿಡಿ” ಎಂದೆ. ಈ ‘ಹೇಳಿಕೊಡ್ತೀನಿ’ ಎಂಬ ಪದ ಈಗಲೂ ನನ್ನ ಕಿವಿಯಲ್ಲಿದೆ.

ಶನಿವಾರ ಹನ್ನೊಂದು ಗಂಟೆಗೆ ಗುಂಡ್ಲುಪೇಟೆಯಲ್ಲಿ ಇಳಿದೆ. ಆಸ್ಪತ್ರೆಯ ಮುಂಗೋಣೆಯಲ್ಲಿ ಮೇಜಿನ ಮೇಲೆ ಕಂಪ್ಯೂಟರು, ಅದರ ಪಕ್ಕ ಉದ್ದನೆಯ ನೋಟ್‌ಬುಕ್ಕು ತೆರೆದಿತ್ತು. ಪರದೆಯ ಮೇಲೆ ನನ್ನ ಪ್ರೋಗ್ರಾಂ ಹಸಿರು ಅಕ್ಷರದಲ್ಲಿ ‘ಇಂದು ಯಾರೂ ಇಲ್ಲ’ ಎನ್ನುತ್ತಿತ್ತು. ನೋಟ್‌ಬುಕ್ಕಿನಲ್ಲಿ ಆ ದಿನದ ತಾರೀಕಿನ ಕೆಳಗೆ ‘ಚಿಕ್ಕತಾಯಮ್ಮ, ಉಮ್ಮತ್ತೂರು, ಹೂ ಕೀಳುವ ಕೆಲಸ, ಇಲ್ಲಿ ತಂಗಿ ಮನೇಲಿ, ಮೂರನೇ ಸೂಜಿ’ ಎಂದು ಬರೆದು ಕೆಳಗೆ ಗೀಟು ಎಳೆದಿತ್ತು. ಸುಂದ್ರಮ್ಮ ಕುರ್ಚಿಯಲ್ಲಿ ಕೂತಿರಲಿಲ್ಲ. ಕೈಯಲ್ಲಿ ಫೋನು ಹಿಡಿದು ಚಪ್ಪಲಿ ಮೆಟ್ಟುತ್ತಿದ್ದರು.

“ಬಂದ್ರಾ ಸಾ. ಬನ್ನಿ ಹೋಗನ.”

“ಎಲ್ಲಿಗೆ?”

“ಮಂಗಳವಾರ ತಾನಾಗೇ ಬಂದ್ಲು. ಇವತ್ತು ಫೋನು ಸ್ವಿಚಾಫು, ಕೇರಳದ ರೋಡ್ನ ಹೊಲ್ದಲ್ಲವ್ಳೆ ಅಂತ ತಂಗಿ ಅಂದ್ಲು. ಡಾಕ್ಟ್ರು ಒಂದ್ ಗಂಟೆಗೆ ಹೊಂಟೋಯ್ತಾರೆ, ನಾಳೆ ಭಾನುವಾರ. ಸೋಮವಾರಕ್ಕೆ ಅವ್ಳು ಯಾವ್ ಹೊಲ್ದಲ್ಲಿ ಇರ್ತಾಳೋ. ಕಚ್ಚಿದ್ ನಾಯಿ ಬೇರೆ ಅವತ್ತಿಂದ ಕಂಡಿಲ್ಲ ಅಂತಾರೆ.”

ಪರದೆಯ ಕಡೆ ಕೈ ತೋರಿಸಿ, “ಇದು ಇಲ್ಲ ಅಂತಿದೆಯಲ್ಲ...” ಎಂದೆ. ಮಾತು ಬಾಯಿಂದ ಹೊರಗೆ ಬಂದ ಮೇಲೆ ಅದು ಎಂಥ ಮಾತೆಂದು ಗೊತ್ತಾಯಿತು. ಸುಂದ್ರಮ್ಮ ನನ್ನನ್ನು ಬೈಯಲಿಲ್ಲ. “ಅದು ಅಂದ್ಕಳ್ಳಲಿ ಬುಡಿ ಸಾ” ಎಂದಷ್ಟೇ ಹೇಳಿ ಆಟೋ ಕೂಗಿದರು.

ಕೇರಳದ ಕಡೆ ಹೋಗುವ ರಸ್ತೆಯ ಪಕ್ಕ ಚೆಂಡುಹೂವಿನ ಹೊಲ. ಕಣ್ಣು ಹಾಯುವವರೆಗೂ ಹಳದಿ. ರಸ್ತೆಯಲ್ಲಿ ನಾಲ್ಕು ಕಾರು ನಿಲ್ಲಿಸಿಕೊಂಡು ಮಲಯಾಳದವರು ಫೋಟೋ ತೆಗೆಯುತ್ತಿದ್ದರು. ನಾವಿಬ್ಬರೂ ಬದು ದಾಟಿ ಇಳಿಯುವಷ್ಟರಲ್ಲಿ ಮೇಸ್ತ್ರಿ ದೂರದಿಂದಲೇ ಕೂಗಿದ.

“ಏ ಫೋಟೋದೋರೆ, ಒಳಕ್ಕೆ ಇಳೀಬ್ಯಾಡಿ! ರೋಡಲ್ಲೇ ನಿಂತ್ಕಂಡು ತಗಳಿ!”

“ಫೋಟೋನೂ ಇಲ್ಲ ಗೀಟೋನೂ ಇಲ್ಲ ಕಣಣ್ಣ, ಆಸ್ಪತ್ರೆಯೋರು. ಚಿಕ್ಕತಾಯಮ್ಮ ಎಲ್ಲವ್ಳೆ?”

ಮೂರನೆಯ ಸಾಲಿನಿಂದ ತಲೆಗೆ ಟವಲು ಸುತ್ತಿದ್ದ ಹೆಂಗಸೊಬ್ಬಳು ಎದ್ದು ನಿಂತಳು. ನಮ್ಮನ್ನು ನೋಡಿ ನಗುತ್ತ, ಸೀರೆ ತುಸು ಎತ್ತಿ ಮೀನಖಂಡ ತೋರಿಸಿದಳು. “ಮಾಗೋಗದೆ ಕಣಕ್ಕ, ನೋಡು. ಇನ್ನ್ಯಾಕೆ ಸೂಜಿ?”

“ಮೇಲೆ ಮಾಗದೆ. ಒಳಗೇನಾಗದೆ ಅಂತ ನಿಂಗ್ ಗೊತ್ತಾ, ನಂಗ್ ಗೊತ್ತಾ? ಚೀಲ ಕೆಳಗಿಟ್ಟು ನಡಿ ಕಣಮ್ಮಿ.”

“ಸೋಮವಾರ ಬತ್ತೀನಕ್ಕ.”

“ಸೋಮವಾರ ನಿನ್ನ ಎಲ್ಲಿ ಅಂತ ಹುಡುಕ್ಲಿ? ಇವತ್ತು ಅಂದ್ರೆ ಇವತ್ತು.”

ಮೇಸ್ತ್ರಿ ನಡುವೆ ಬಂದ. “ಎಂಗಕ್ಕ ಕಳ್ಸದು? ಮಧ್ಯಾಹ್ನಕ್ಕೆ ಲೋಡ್ ಹೋಗ್ಬೇಕು. ಅವಳ ಸಾಲು ಯಾರ್ ಕೀಳ್ತಾರೆ?”

ಸುಂದ್ರಮ್ಮ ಒಂದು ಕ್ಷಣ ಹೊಲ ನೋಡಿದರು. ಆಮೇಲೆ ನನ್ನನ್ನು ನೋಡಿದರು.

“ಈ ಸಾರ್ ಕೀಳ್ತಾರೆ ಬುಡು.”

ಇದರಲ್ಲಿ ತಮಾಷೆ ಇರಲಿಲ್ಲ. ಚಿಕ್ಕತಾಯಮ್ಮ ಸೊಂಟದ ಚೀಲ ಬಿಚ್ಚಿ ನನ್ನ ಕೈಗೆ ಕೊಟ್ಟಳು. ಇಬ್ಬರೂ ಆಟೋ ಹತ್ತಿ ಹೋದರು. ಗಡಿಯಾರ ನೋಡಿಕೊಂಡೆ: ಹನ್ನೆರಡಕ್ಕೆ ಹತ್ತು ನಿಮಿಷ.

ಇಸ್ತ್ರಿ ಮಾಡಿದ ಪ್ಯಾಂಟಿನಲ್ಲಿ ಬಗ್ಗಿ ನಾನು ಹೂ ಕಿತ್ತೆ. “ಸಾ, ಮೊಗ್ಗ ಕೀಳ್ಬ್ಯಾಡಿ!” ಎಂದು ಆ ಕಡೆಯಿಂದ ಒಬ್ಬಳು. “ಕಂಪ್ಯೂಟ್ರು ಬರೆಯೋರಂತೆ ಕಣ್ಲಾ, ಹೂವ ಒಂದೊಂದೇ ಎಣುಸ್ಕಂಡು ಕೀಳ್ತಾವ್ರೆ” ಎಂದು ಮೇಸ್ತ್ರಿ ಇನ್ನೊಬ್ಬನಿಗೆ. ರಸ್ತೆಯ ಮೇಲಿದ್ದವರು ನನ್ನ ಫೋಟೋವನ್ನೂ ತೆಗೆದರು. ಕೇರಳದ ಯಾವುದೋ ಮೊಬೈಲಿನಲ್ಲಿ ನಾನು ಇಂದಿಗೂ ಗುಂಡ್ಲುಪೇಟೆಯ ರೈತನಾಗಿದ್ದೇನೆ. ನಗು ಬರಬೇಕಿತ್ತು. ಬರಲಿಲ್ಲ. ಕಣ್ಣ ಮುಂದೆ ಹಳದಿ ಹೂವಿನ ಬದಲು ಹಸಿರು ಅಕ್ಷರದ ಆ ಸಾಲೇ ಇತ್ತು: ಇಂದು ಯಾರೂ ಇಲ್ಲ. ಇಲ್ಲ ಎಂದದ್ದು ಈ ಸಾಲಿನಲ್ಲಿ ಹೂ ಕೀಳುತ್ತಿದ್ದ, ಮೀನಖಂಡ ತೋರಿಸಿ ನಕ್ಕ ಹೆಂಗಸನ್ನು. ಅದನ್ನು ಬರೆದವನು ನಾನು. ಸುಂದ್ರಮ್ಮ ನನ್ನ ಮಾತು ಕೇಳಿ ಪುಸ್ತಕ ಮುಚ್ಚಿಟ್ಟಿದ್ದರೆ?

ಒಂದೂ ಇಪ್ಪತ್ತಕ್ಕೆ ಆಟೋ ವಾಪಸು ಬಂತು. ಚಿಕ್ಕತಾಯಮ್ಮ ತೋಳು ಉಜ್ಜಿಕೊಳ್ಳುತ್ತ ಇಳಿದು, ನಾನು ಕಿತ್ತಿದ್ದನ್ನು ಬಗ್ಗಿ ನೋಡಿದಳು. “ಇಷ್ಟೇಯಾ ಸಾ?” ಎಂದಳು. ನಾನು ಒಂದೂವರೆ ಗಂಟೆ ಕಿತ್ತ ಹೂವು ಅವಳ ಚೀಲದ ತಳ ಮುಚ್ಚಿತ್ತು.

ಮಧ್ಯಾಹ್ನ ಸುಂದ್ರಮ್ಮ ಆಸ್ಪತ್ರೆಯ ಬೀಗ ತೆಗೆದುಕೊಟ್ಟರು. ನಾನು ಕಂಪ್ಯೂಟರಿನ ಮುಂದೆ ಕೂತು ಸೆಟಪ್ಪನ್ನು ಮತ್ತೆ ಒತ್ತಿದೆ. ದೋಷದ ಚೌಕ ಬಂತು. ಅದರಲ್ಲಿ ಆರು ಪ್ರಶ್ನೆ ಚಿಹ್ನೆ ಇದ್ದವು. ಸುಂದ್ರಮ್ಮನವು ಅಲ್ಲ, ಕಂಪ್ಯೂಟರಿನವೇ. ಅವರು ಪರದೆಯಲ್ಲಿ ಇದ್ದದ್ದನ್ನು ಒಂದೂ ಹೆಚ್ಚಿಲ್ಲದೆ ಒಂದೂ ಕಡಿಮೆಯಿಲ್ಲದೆ ಬರೆದು ಕಳಿಸಿದ್ದರು.

“ಈ ಕಂಪ್ಯೂಟರಿಗೆ ಏನಂತ ಹೆಸರಿಟ್ಟಿದ್ದೀರಿ?” ಎಂದು ಕೇಳಿದೆ.

“ಮಾದಪ್ಪ.”

“ಇಂಗ್ಲಿಷಲ್ಲಾ?”

“ಕನ್ನಡದಲ್ಲೇ ಸಾ. ಇದು ಬಂದ ದಿನ ಗುಂಡಿ ಒತ್ತಿದ್ಕೆ, ಯಾರು ಬಳಸ್ತೀರಿ, ಹೆಸ್ರು ಬರೀರಿ ಅಂತು. ನನ್ನೆಸ್ರು ಎಂಗ್ ಬರೀಲಿ? ನಾಳೆ ಈ ಕುರ್ಚೀಲಿ ಇನ್ಯಾರೋ ಕೂರ್ತಾರೆ. ಮಾದಪ್ಪ ಅಂದ್ರೆ ಎಲ್ಲಾರ್ಗೂ ಸೇರ್ದೋನು.”

ಮಾದಪ್ಪ ನಮ್ಮ ಕಡೆಯ ಬೆಟ್ಟದ ದೇವರು; ಇಲ್ಲಿ ಟ್ರ್ಯಾಕ್ಟರಿಗೆ ಮಾದಪ್ಪನ ಹೆಸರು, ಬಸ್ಸಿಗೆ ಮಾದಪ್ಪನ ಹೆಸರು, ಎತ್ತಿಗೆ, ಹೋಟೆಲಿಗೆ, ಮನೆಗೊಬ್ಬ ಗಂಡಿಗೆ ಅದೇ ಹೆಸರು. ಕಂಪ್ಯೂಟರಿಗೆ ಇನ್ನೇನು ಇಟ್ಟಾರು? ಕಂಪ್ಯೂಟರು ಆ ಹೆಸರಿನಲ್ಲೇ ಒಂದು ಫೋಲ್ಡರ್ ಮಾಡಿಕೊಂಡಿತ್ತು. ನಾನು ಮೂಟೆ ಕಟ್ಟಲು ಬಳಸಿದ ಸಾಧನ ಹಳೆಯದು, ಅದಕ್ಕೆ ಕನ್ನಡ ಅಕ್ಷರ ಗೊತ್ತಿಲ್ಲ. ದೀರ್ಘ, ಒತ್ತು ಎಲ್ಲ ಬಿಡಿಸಿ ಎಣಿಸಿ, ಗೊತ್ತಿಲ್ಲದ ಒಂದೊಂದು ತುಂಡಿಗೂ ಒಂದೊಂದು ಪ್ರಶ್ನೆ ಚಿಹ್ನೆ ಹಾಕಿತ್ತು. ಮೂರು, ಏಳು, ಹದಿನಾಲ್ಕು, ಇಪ್ಪತ್ತೆಂಟು ಎಂಬ ಸೂಜಿಯ ದಿನಗಳಿದ್ದ ಫೈಲನ್ನು ಇಡಲು ಜಾಗ ಸಿಗದೆ ನಿಂತಿತ್ತು. ನಾನು ‘ಲೆಕ್ಕಿಸಬೇಡ’ ಎಂದು ಒತ್ತಿಸಿದೆ. ಫೈಲು ಹೊರಗುಳಿಯಿತು. ಇನ್ನು ಪ್ರೋಗ್ರಾಮಿನಲ್ಲಿ, ತಪ್ಪೇನಾದರೂ ಎದುರಾದರೆ ಸದ್ದು ಮಾಡದೆ ಮುಂದೆ ಹೋಗು ಎಂದು ನಾನೇ ಒಂದು ಸಾಲು ಬರೆದಿದ್ದೆ. ಬಳಸುವವರು ಗಾಬರಿಯಾಗಬಾರದು ಎಂಬ ಸದುದ್ದೇಶದಿಂದ. ದಿನಗಳೇ ಗೊತ್ತಿಲ್ಲದ ಪ್ರೋಗ್ರಾಂ ದಿನಾ ಬೆಳಗ್ಗೆ ಸದ್ದಿಲ್ಲದೆ ‘ಯಾರೂ ಇಲ್ಲ’ ಎನ್ನುತ್ತಿತ್ತು. ಗೋಡೆಯ ಆಚೆ ಉರಿಯುತ್ತಿದ್ದದ್ದು ನಮ್ಮದೇ ಒಲೆ.

ಸುಲಭದ ದಾರಿ ಒಂದಿತ್ತು. “ಇಂಗ್ಲಿಷಿನಲ್ಲಿ ಬೇರೆ ಹೆಸರು ಕೊಟ್ಟುಬಿಡೋಣ ಸುಂದ್ರಮ್ಮ, ಐದು ನಿಮಿಷದ ಕೆಲಸ” ಎಂದೆ.

“ನೀವ್ ಹೇಳುದ್ರೆ ಮಾಡನ. ಆದ್ರೆ ಸಾ, ಎಸ್ರು ಇದ್ದಂಗೇ ಇದ್ದು ಓಡೋ ಹಂಗೆ ಮಾಡಕ್ಕಾಗಲ್ವಾ? ನಿಮ್ ಪಟ್ಟೀಲಿ ಮನ್ಸರ ಎಸ್ರೆಲ್ಲ ಕನ್ನಡದಲ್ಲೇ ಅವೆ.”

ಮನೆಗೆ ಬಂದು ಹದಿನೇಳು ದಿನ ಕೂತೆ. ಹಳೆಯ ಸಾಧನ ಬಿಟ್ಟು ಹೊಸದರಲ್ಲಿ ಮೂಟೆ ಕಟ್ಟಿದೆ. ‘ಲೆಕ್ಕಿಸಬೇಡ’ ಎಂಬ ಗುಂಡಿಯನ್ನು ತೆಗೆದುಹಾಕಿದೆ. ಸದ್ದು ಮಾಡಬೇಡ ಎಂದು ಬರೆದಿದ್ದ ಸಾಲನ್ನು ಅಳಿಸಿ, ಸೂಜಿಯ ದಿನಗಳು ಸಿಗದಿದ್ದರೆ ‘ನನಗೆ ಗೊತ್ತಾಗುತ್ತಿಲ್ಲ, ಪುಸ್ತಕ ನೋಡಿ’ ಎಂದು ಕೆಂಪಕ್ಷರದಲ್ಲಿ ಬರುವಂತೆ ಮಾಡಿದೆ. ಮೂವತ್ತು ವರ್ಷದ ಕೆಲಸದಲ್ಲಿ ನಾನು ಬರೆದ ಸಾಲುಗಳಲ್ಲಿ ಇದೊಂದೇ ನನಗೆ ಪೂರ್ತಿ ಸರಿ ಎನಿಸಿದ್ದು. ನಮ್ಮ ಮನೆಯ ಹಳೆಯ ಕಂಪ್ಯೂಟರೊಂದಕ್ಕೂ ಮಾದಪ್ಪ ಎಂದು ಕನ್ನಡದಲ್ಲಿ ಹೆಸರಿಟ್ಟು, ಮೊದಲು ಅದರಲ್ಲಿ ಓಡಿಸಿದೆ. ಈಗಲೂ ಯಾವ ಪ್ರೋಗ್ರಾಂ ಬರೆದರೂ ಮೊದಲು ಅದರ ಮುಂದೆ ಕೂರಿಸುತ್ತೇನೆ.

ಆ ನಡುವಿನ ಶನಿವಾರ, ಹದಿನಾಲ್ಕನೆಯ ದಿನ, ನಾಲ್ಕನೆಯ ಸೂಜಿಗೆ ಚಿಕ್ಕತಾಯಮ್ಮನನ್ನು ಕರೆಸಿದ್ದು ನೋಟ್‌ಬುಕ್ಕೇ. ಹೊಸ ಸೆಟಪ್ಪನ್ನು ನಾನು ಕಂಡಕ್ಟರ ಕೈಗೆ ಕೊಡಲಿಲ್ಲ. ದಾರ ಕಟ್ಟಿದ್ದ ಅದೇ ಪೆನ್‌ಡ್ರೈವನ್ನು ಜೇಬಿನಲ್ಲಿಟ್ಟುಕೊಂಡು ನಾನೇ ಹೋದೆ. ಅವರ ಕುರ್ಚಿಯ ಪಕ್ಕ ಸ್ಟೂಲು ಹಾಕಿಕೊಂಡು ಕೂತೆ. ಅವರೇ ಒತ್ತಿದರು, ನಾನು ನೋಡಿದೆ. ಚೌಕ ಬರಲಿಲ್ಲ. ಹೊರಡುವಾಗ ಪೆನ್‌ಡ್ರೈವನ್ನು ನನ್ನ ಕೈಗೆ ಕೊಟ್ಟು, “ದಾರ ಬಿಚ್ಬ್ಯಾಡಿ ಸಾ” ಎಂದರು.

ಇಪ್ಪತ್ತೆಂಟನೆಯ ದಿನವೂ ಶನಿವಾರ. ಬೆಳಗ್ಗೆ ಒಂಬತ್ತಕ್ಕೆ ಫೋನು ಬಂತು.

“ಸಾ, ಚಿಕ್ಕತಾಯಮ್ಮ, ಐದನೇದು. ಪುಸ್ತಕದಲ್ಲೂ ಅವ್ಳೆ, ಮಾದಪ್ಪನಲ್ಲೂ ಅವ್ಳೆ.”

“ಫೋನ್ ಮಾಡಿದ್ರಾ ಸುಂದ್ರಮ್ಮ?”

“ಮಾಡ್ದೆ. ಬತ್ತೀನಿ ಅಂದವ್ಳೆ.” ಅತ್ತ ಕಡೆ ಕುರ್ಚಿ ಹಿಂದಕ್ಕೆ ಸರಿದ ಸದ್ದು, ಆಮೇಲೆ ಚಪ್ಪಲಿಯ ಸದ್ದು ಕೇಳಿಸಿತು. “ಆದ್ರೂ ಒಂದ್ಸಲ ಹೊಲ್ದ ತಕೆ ಹೋಗ್ಬತ್ತೀನಿ ಸಾ, ಇಡ್ತೀನಿ.”